ಆರನೆಯ ಉದಾಹರಣೆ

ಪಾರ್ವತಿ ನಗರ, ಬಳ್ಳಾರಿ
೧೨ ಸೆಪ್ಟೆಂಬರ್ ೨೦೨೨

ತಂಗಿ ವೀರಭದ್ರಮ್ಮ,

ಇಲ್ಲಿ ನಾನೂ ನಿನ್ನ ಅತ್ತಿಗೆ ಸರೋಜಾಳೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿರುತ್ತೀ ಎಂದು ನಂಬಿ ನೇರವಾಗಿ ವಿಷಯಕ್ಕೆ ಬರುತ್ತೇನೆ, ಏಕೆಂದರೆ ವಿಷಯ ತುರ್ತಿನದು.

ಕಾಲೇಜಿನಿಂದ ನಿವೃತ್ತನಾದ ಮೇಲೆ ನಾನು ಬಳ್ಳಾರಿ ಸೀಮೆಯ ಆಡುಮಾತಿನ ಪದಕೋಶ ಮಾಡುತ್ತಿರುವುದು ನಿನಗೆ ಗೊತ್ತು. ಅಕಾರದಿಂದ ಧಕಾರದವರೆಗೆ ಗಾಡಿ ಸುಸೂತ್ರವಾಗಿ ಬಂತು. ಈಗ ‘ನಡು’ ಎಂಬ ಪದದ ಕೆಸರಲ್ಲಿ ಚಕ್ರ ಹೂತುಕೊಂಡಿದೆ. ಪುಸ್ತಕದವರು ಕೇಂದ್ರ ಅನ್ನುತ್ತಾರೆ. ಆಂಧ್ರದ ಕಡೆಯಿಂದ ಬಂದವರು ಸೆಂಟರ್ ಅನ್ನುತ್ತಾರೆ. ನಮ್ಮವರು ನಡು, ನಟ್ಟನಡು ಅನ್ನುತ್ತಾರೆ. ಆದರೆ ಯಾವ ಅರ್ಥದಲ್ಲಿ? ನನ್ನ ಜೊತೆ ಸಂಜೆ ವಾಕಿಂಗ್ ಬರುವ ಇತಿಹಾಸದ ಮೇಷ್ಟರು ಭೀಮರಾಜ ಇದ್ದಾರಲ್ಲ, ಅವರು ಪಟ್ಟು ಹಿಡಿದಿದ್ದಾರೆ. “ನಡು ಅಂದ್ರ ಬರೇ ಜಾಗ. ದೊಡ್ಡಸ್ತಿಕಿಗೆ ನಮ್ಮ ಮಂದಿ ನಡು ಅನ್ನಂಗಿಲ್ಲ. ಮುಂದ ಅಂತಾರ, ಇಲ್ಲಾ ಮ್ಯಾಲ ಅಂತಾರ” ಎಂಬುದು ಅವರ ವಾದ. ನಡುವಿನಲ್ಲಿರುವುದು ಎಂದರೆ ಮುಖ್ಯವಾಗಿರುವುದು ಎಂಬ ಅರ್ಥವೂ ನಮ್ಮ ಮಾತಿನಲ್ಲಿ ಇದೆ ಎಂಬುದು ನನ್ನದು. ಅವರ ಮುಖಕ್ಕೆ ಹಿಡಿಯಲು ನನಗೆ ಉದಾಹರಣೆಗಳು ಬೇಕು.

ನಿನ್ನ ಖಾನಾವಳಿ ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಎದುರಿಗಿದೆ. ರೈಸ್‌ಮಿಲ್ಲಿನವರು, ಲಾರಿಯವರು, ಭತ್ತ ತಂದವರು ಎಲ್ಲರೂ ಅಲ್ಲಿಯೇ ಉಣ್ಣುತ್ತಾರೆ. ಕಿವಿ ತೆರೆದಿಡು. ಕೇಳಿದ್ದನ್ನು ಒಂದು, ಎರಡು ಎಂದು ಅಂಕಿ ಹಾಕಿ ಬರೆದು ಕಳಿಸು. ಫೋನು ಬೇಡ. ನನ್ನ ಬಲಗಿವಿ ಕೇಳುವುದಿಲ್ಲ, ಎಡಗಿವಿಯಲ್ಲಿ ಸರೋಜಾ ಇರುತ್ತಾಳೆ. ಅಲ್ಲದೆ ಪದಕೋಶಕ್ಕೆ ತಾರೀಖು ಸಮೇತ ಬರಹದ ಆಧಾರ ಇರಬೇಕು. ಮುಖ್ಯವಾಗಿ, ನೀನು ಮಾತಾಡುವ ಹಾಗೆಯೇ ಬರೆ.

ನಿನ್ನ ಅಣ್ಣ,
ತಿಪ್ಪೇರುದ್ರಪ್ಪ


ಸಿರುಗುಪ್ಪ
೨೭ ಸೆಪ್ಟೆಂಬರ್ ೨೦೨೨

ಅಣ್ಣ,

ನಿನ್ನ ಪತ್ರ ಬಂತು. ನಾನು ಹೇಗಿದ್ದೇನೆ ಎಂದು ಕೇಳದೆ ಚೆನ್ನಾಗಿದ್ದೇನೆ ಎಂದು ನೀನೇ ತೀರ್ಮಾನ ಮಾಡಿದ್ದು ಒಳ್ಳೆಯದಾಯಿತು, ನನಗೆ ಬರೆಯುವ ಕೆಲಸ ಕಡಿಮೆಯಾಯಿತು.

ಮಾತಾಡಿದ ಹಾಗೆ ಬರೆ ಅನ್ನುತ್ತೀಯ. ಬಾಯಿಗೆ ಬಂದದ್ದು ಕೈಗೆ ಬರುವುದಿಲ್ಲ. ಪೆನ್ನು ಹಿಡಿದರೆ ಸಾಲಿಯ ಅಕ್ಕೋರು ಹಿಂದೆ ಕೋಲು ಹಿಡಿದು ನಿಂತ ಹಾಗೆ ಆಗುತ್ತದೆ. ಮಂದಿ ಆಡಿದ್ದನ್ನು ಆಡಿದ ಹಾಗೆ ಬರೆಯುತ್ತೇನೆ, ಉಳಿದದ್ದನ್ನು ಹೀಗೆಯೇ ಸಹಿಸಿಕೋ.

೧. ರೊಟ್ಟಿ ಬಡಿಯುವ ಗಂಗಕ್ಕ ದಿನಾ ಸಂಜೆ ಹೇಳುವುದು: “ಯವ್ವಾ, ನನ್ನ ನಡು ಬಿದ್ದು ಹೋತು.” ಇದು ನಿನಗೆ ಬೇಡದ ಅರ್ಥ ಇರಬಹುದು, ಆದರೆ ಅವಳಿಗೆ ಅದೇ ಮುಖ್ಯ.

೨. ಕರ್ನೂಲಿನ ಲಾರಿ ಡ್ರೈವರ್ ಫೋನಿನಲ್ಲಿ ಹೇಳಿದ್ದು: “ಸೆಂಟರ್‌ಲೋ ಉನ್ನಾನು, ವೀರಭದ್ರಮ್ಮಗಾರಿ ಹೋಟೆಲ್ ದಗ್ಗರ.” ಸೆಂಟರ್‌ನಲ್ಲಿದ್ದೇನೆ, ವೀರಭದ್ರಮ್ಮನವರ ಹೋಟೆಲ್ ಹತ್ತಿರ, ಅಂತ. ಅಂದರೆ ಸಿರುಗುಪ್ಪದ ಸೆಂಟರ್ ನಾನೇ. ಇದನ್ನು ಭೀಮರಾಜ ಮೇಷ್ಟರಿಗೆ ತೋರಿಸು.

೩. ಖಾನಾವಳಿಯಲ್ಲಿ ಐದು ಟೇಬಲ್ ಇವೆ, ಫ್ಯಾನು ಒಂದೇ. ಅದು ನಡುವಿನ ಟೇಬಲ್ಲಿನ ಮೇಲೆ ತಿರುಗುತ್ತದೆ. ಹಿಟ್ಟು ಬೀಸುವ ಹುಲುಗಪ್ಪ ಹೇಳುತ್ತಾನೆ: “ನಡುವಿನ ಟೇಬಲ್ಲಿಗೆ ಕುಂತಾವ ಬಿಲ್ ಕೊಡಲಿಲ್ಲಂದ್ರೂ ಸಾಹುಕಾರ ಇದ್ದಂಗ.” ಇದು ನಿನ್ನ ಪಕ್ಷದ ಉದಾಹರಣೆ ಅಂತ ನನಗೆ ಅನ್ನಿಸಿತು.

ಆ ಟೇಬಲ್ಲಿಗೆ ಸೋಮವಾರ ಕುರುಗೋಡಿನ ಒಬ್ಬರು ಬಂದು ಕೂಡುತ್ತಾರೆ. ಅಲ್ಲಿನ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಅವರದು, ಇಲ್ಲಿಗೆ ಭತ್ತದ ವ್ಯಾಪಾರಕ್ಕೆ ಬರುತ್ತಾರೆ. ಉಳಿದವರೆಲ್ಲ ಟಿ.ವಿ. ಕಡೆ ಮುಖ ಮಾಡಿ ಉಂಡರೆ ಅವರು ಅಡುಗೆ ಮನೆ ಕಡೆ ಮುಖ ಮಾಡಿ ಉಣ್ಣುತ್ತಾರೆ. ಯಾಕೆ ಅಂತ ನಾನು ಕೇಳಲಿಲ್ಲ.

ನಿನ್ನ ತಂಗಿ,
ವೀರಭದ್ರಮ್ಮ


ಬಳ್ಳಾರಿ
೮ ಅಕ್ಟೋಬರ್ ೨೦೨೨

ತಂಗಿ,

ಶಹಬ್ಬಾಸ್. ಮೂರನೆಯದನ್ನು ಓದಿದಾಗ ಭೀಮರಾಜರು ಮುನ್ಸಿಪಲ್ ಮೈದಾನದಲ್ಲಿ ಎರಡು ಸುತ್ತು ಮಾತಿಲ್ಲದೆ ನಡೆದರು. ಆಮೇಲೆ, ಅದು ಫ್ಯಾನಿನ ಮಹಿಮೆ, ನಡುವಿನ ಮಹಿಮೆ ಅಲ್ಲ ಎಂದು ತಗಾದೆ ತೆಗೆದರು. ಫ್ಯಾನನ್ನು ಒಂದು ವಾರ ಮೂಲೆಯ ಟೇಬಲ್ಲಿನ ಮೇಲೆ ಹಾಕಿಸಿ ನೋಡಲು ಸಾಧ್ಯವೇ? ಸಂಶೋಧನೆಗೆ ಬಹಳ ಉಪಕಾರವಾಗುತ್ತದೆ.

ಕುರುಗೋಡಿನ ಆ ಗಿರಾಕಿಯ ವಿವರ ಬೇಕು. ಆತ ಕುರುಗೋಡಿನಲ್ಲೇ ಹುಟ್ಟಿದವನೋ, ಬಾದನಹಟ್ಟಿಯಂಥ ಸುತ್ತಲ ಹಳ್ಳಿಯಿಂದ ಬಂದು ನೆಲೆಸಿದವನೋ? ಉಚ್ಚಾರಣೆಯ ದೃಷ್ಟಿಯಿಂದ ಕೇಳುತ್ತಿದ್ದೇನೆ. ಆತ ಯಾವ ಕಡೆ ಮುಖ ಮಾಡಿ ಉಣ್ಣುತ್ತಾನೆ ಎಂಬುದು ಅಪ್ರಸ್ತುತ.

ಇನ್ನು ಮೇಲೆ ಟೇಬಲ್ಲು, ಸೊಂಟ ಸಾಕು. ಮನುಷ್ಯರಿಗೆ ಅನ್ವಯವಾಗುವ ಪ್ರಯೋಗಗಳು ಬೇಕು. ಯಾರನ್ನು ನಡುವೆ ಕೂರಿಸುತ್ತಾರೆ, ಯಾರನ್ನು ಕೂರಿಸುವುದಿಲ್ಲ, ಆಗ ಏನು ಮಾತಾಡುತ್ತಾರೆ, ಇಂಥವು. ಮದುವೆ, ಸೀಮಂತಗಳಲ್ಲಿ ಹುಡುಕು.

ತಿಪ್ಪೇರುದ್ರಪ್ಪ


ಸಿರುಗುಪ್ಪ
೩ ನವೆಂಬರ್ ೨೦೨೨

ಅಣ್ಣ,

ಫ್ಯಾನು ತೆಗೆಸುವುದಿಲ್ಲ. ಬೇಕಾದರೆ ಭೀಮರಾಜ ಮೇಷ್ಟರನ್ನು ಮೂಲೆಗೆ ಕೂರಿಸು.

ಆ ಗಿರಾಕಿಯ ಹೆಸರು ಚನ್ನಬಸವರಾಜ. ಕುರುಗೋಡಿನಲ್ಲೇ ಹುಟ್ಟಿದವರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತು. ಉಚ್ಚಾರಣೆ ಹೇಗಿದೆ ಅಂತ ಹೇಳಲಾರೆ, ಮಾತೇ ಕಡಿಮೆ. ಇನ್ನೊಂದು ರೊಟ್ಟಿ ಬೇಕಾದರೂ ತಟ್ಟೆ ಕಡೆ ನೋಡುತ್ತಾರೆ, ಬಾಯಿ ಬಿಡುವುದಿಲ್ಲ.

ಮನುಷ್ಯರ ಉದಾಹರಣೆ ಕೇಳಿದೆ.

೪. ರೈಸ್‌ಮಿಲ್ಲಿನ ಸಾಹುಕಾರರ ಮನೆಯಲ್ಲಿ ಅಣ್ಣತಮ್ಮಂದಿರು ಪಾಲು ಕೇಳಿದಾಗ ಅವರ ತಾಯಿ ಹೇಳಿದ್ದು: “ನಡು ಕಂಬ ನಾನು ನಿಂತೀನಿ, ಅಲ್ಲೀಮಟ ಯಾರೂ ಜಂತಿ ಎಣಿಸಬ್ಯಾಡ್ರಿ.” ಇದಕ್ಕೆ ಭೀಮರಾಜ ಮೇಷ್ಟರು ಏನನ್ನುತ್ತಾರೆ?

೫. ಹೋದ ವಾರ ಪಕ್ಕದ ಮನೆಯಲ್ಲಿ ಮೌನಿಕಾಳ ಸೀಮಂತ. ಮುನ್ನೂರು ರೊಟ್ಟಿ, ಎಣ್ಣೆಗಾಯಿ, ಮಾದಲಿ ಎಲ್ಲಾ ನನ್ನ ಕೈಯದೇ. ಆ ಹುಡುಗಿ ನನ್ನ ಕಣ್ಣ ಮುಂದೆ ಬೆಳೆದವಳು, ಒಂದು ಹೂವು ಮುಡಿಸೋಣ ಎಂದು ಒಳಗೆ ಹೊರಟೆ. ಅವಳ ಅತ್ತೆ ಬಾಗಿಲಲ್ಲೇ ತಡೆದು, ಬಹಳ ನಯವಾಗಿ ಹೇಳಿದಳು: “ನೀವು ನಡುಮನಿಗೆ ಬರೋದು ಬ್ಯಾಡ್ರಿ ಅಕ್ಕಾ, ಅಡಗಿ ಮನ್ಯಾಗ ಇರ್ರಿ. ನೀವಿದ್ರನ ನಮ್ಮ ಕಾರ್ಯ.” ನಾನು ಇದ್ದರೇ ಅವರ ಕಾರ್ಯ, ಆದರೆ ನಾನು ಕಾಣಬಾರದು. ಗಂಡ ಸತ್ತ ಮೇಲೆ ಇದೇನು ಹೊಸದಲ್ಲ, ಆದರೂ ಅವತ್ತು ಸಂಕಟವಾಯಿತು.

೬. ಚನ್ನಬಸವರಾಜ ಅವರು ಈ ಸೋಮವಾರ ಉಂಡು ಕೈ ತೊಳೆದು ಬಂದು, ನಟ್ಟನಡು ಖಾನಾವಳಿಯಲ್ಲಿ, ಹದಿನೈದು ಮಂದಿ ಉಣ್ಣುತ್ತಿರುವಾಗ, ನನ್ನನ್ನು ಕೇಳಿದರು: “ನೀವು ನನ್ನ ಮದಿವಿ ಆಗತೀರೇನ್ರಿ?” ಯಾರೋ ಟಿ.ವಿ. ಸದ್ದು ಕಡಿಮೆ ಮಾಡಿದರು. ನಾನು ಒಲ್ಲೆ ಅನ್ನಲಿಲ್ಲ. ಅಣ್ಣನನ್ನು ಕೇಳಬೇಕು ಅಂದೆ.

ಈಗ ಕೇಳಿದ್ದೇನೆ. ಉತ್ತರ ಬೇಗ ಬರೆ.

ವೀರಭದ್ರಮ್ಮ


ಬಳ್ಳಾರಿ
೧೬ ನವೆಂಬರ್ ೨೦೨೨

ತಂಗಿ,

ನಿನ್ನ ಪತ್ರವನ್ನು ನಿಂತುಕೊಂಡೇ ಓದಿದೆ. ನಾಲ್ಕನೆಯದು ಚಿನ್ನ. ಐದನೆಯದರಲ್ಲಿ ‘ನಡುಮನಿ’ ಸಮಾಸವಾಗಿ ಬಂದಿದೆ, ಬೇರೆ ಚೀಟಿಯಲ್ಲಿ ಬರೆದುಕೊಂಡೆ. ಆದರೆ ಆರನೆಯದು, ಏನು ಹೇಳಲಿ, ಮಾಣಿಕ್ಯ. ನಿನಗೆ ಕಥೆ ಕಟ್ಟುವ ಕಲೆ ಇದೆ ಎಂದು ನನಗೆ ಇಷ್ಟು ದಿನ ತಿಳಿದಿರಲಿಲ್ಲ. ಆ ಟಿ.ವಿ. ಸದ್ದು ಕಡಿಮೆಯಾಗುವ ಕಲ್ಪನೆ ಓದಿ ನಾನೂ ಭೀಮರಾಜರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಎರಡು ಸಣ್ಣ ತಿದ್ದುಪಡಿ ಮಾಡಿಕೊಂಡಿದ್ದೇನೆ. ಪದಕೋಶದಲ್ಲಿ ವಾಕ್ಯ ಚಿಕ್ಕದಿರಬೇಕಾದ್ದರಿಂದ ಹದಿನೈದು ಮಂದಿಯನ್ನು ತೆಗೆದೆ. ಹೆಣ್ಣುಮಗಳ ಹೆಸರಿಗೆ ಧಕ್ಕೆ ಬರಬಾರದೆಂದು ಮದುವೆಯ ಪ್ರಸ್ತಾಪವನ್ನೂ ತೆಗೆದು, ಎತ್ತಿನ ವ್ಯಾಪಾರ ಎಂದು ಮಾಡಿದೆ. ಈಗ ಅದು ಹೀಗಿದೆ: “ಅವರು ನಟ್ಟನಡು ಖಾನಾವಳ್ಯಾಗ ಎತ್ತಿನ ರೇಟು ಕೇಳಿದರು.” ಜೀವ ಸ್ವಲ್ಪ ಕಡಿಮೆಯಾಯಿತು, ಮರ್ಯಾದೆ ಉಳಿಯಿತು.

ಇದೇ ಧಾಟಿಯಲ್ಲಿ ಇನ್ನೂ ನಾಲ್ಕು ಕಟ್ಟಿ ಕಳಿಸು.

ತಿಪ್ಪೇರುದ್ರಪ್ಪ

(ಅಂಚಿನಲ್ಲಿ, ಬೇರೆ ಕೈಬರಹ) ವೀರಭದ್ರಮ್ಮ, ಚೀಟಿ ಚೊಕ್ಕ ಮಾಡಿ ಬರಿಯಾಕಿ ನಾನು, ಅದಕ್ಕ ಓದಿದೆ. ಇದು ಕಟ್ಟಿದ್ದಲ್ಲ ಅಂತ ನನ್ನ ಮನಸ್ಸು ಹೇಳತೈತಿ. ಇವರಿಗೆ ಹೇಳಿದೆ. ನಿನಗ ಸಾಹಿತ್ಯ ತಿಳಿಯಂಗಿಲ್ಲ ಅಂದ್ರು. — ಸರೋಜಾ


ಸಿರುಗುಪ್ಪ
೨೪ ನವೆಂಬರ್ ೨೦೨೨

ಅಣ್ಣ,

ಮಾತಾಡಿದಂಗ ಬರಿ ಅಂತ ಕೇಳಿದ್ದಿ. ತಗೋ, ಇವತ್ತು ಮಾತಾಡಿದಂಗ ಬರೀತೀನಿ. ಸಾಲಿ ಕನ್ನಡ ಸಿಟ್ಟಿಗೆ ಸಾಲಂಗಿಲ್ಲ.

ಆರನೇದು ಉದಾಹರಣಿ ಅಲ್ಲ. ಅದು ನನ್ನ ಬಾಳೇವು. ರಾಮಾಯಣ ಎಲ್ಲಾ ಕೇಳಿ ರಾಮಗ ಸೀತಾ ಏನಾಗಬೇಕು ಅಂದನಂತ, ಹಂಗಾತು ನಿನ್ನ ಓದು. ಮದಿವಿ ತಗದು ಎತ್ತು ಇಟ್ಟಿ. ನಕ್ಕೊಂತ ಭೀಮರಾಜ ಮೇಷ್ಟ್ರಿಗೂ ಓದಿ ತೋರಿಸಿದಿ. ನಿನ್ನ ಪದಕೋಶಕ್ಕ ಗೆದ್ದಲ ಹತ್ತಲಿ.

ನಾಚಿಕಿ ಆಗಿ ನಂಬರ್ ಹಾಕಿ ಬರದೆ. ನಡುವ ತೂರಿಸಿದ್ರ ಅಣ್ಣಗ ಹೇಳಾಕ ಸಸಾರ ಆಗತೈತಿ ಅಂದ್ಕೊಂಡೆ. ನನ್ನ ತಪ್ಪು ಅದು ಒಂದ.

ಈಗ ನಂಬರ್ ಇಲ್ಲದ ಹೇಳತೀನಿ ಕೇಳು. ಚನ್ನಬಸವರಾಜ ಅವರನ್ನ ನಾ ಮದಿವಿ ಆಗಾಕಿ. ಅವರು ಒಳ್ಳೇವರು. ಅವರು ಬರೋ ದಿನ ನಾ ತಲಿ ಬಾಚ್ಕೊಂಡು ನಿಂದ್ರತೀನಿ ಅಂತ ಗಂಗಕ್ಕ ನಗತಾಳ, ನಗಲಿ. ಕಾರ್ಯ ಕುರುಗೋಡಿನಾಗ ಅವರ ಮನ್ಯಾಗ. ಅವರ ಸೋದರತ್ತಿ ಉಚ್ಚೆಂಗೆಮ್ಮ ಅಂತ ಮುದುಕಿ ಅದಾಳ, ಮನಿಗೆ ಹಿರೇಳು. ಆಕಿ ಹೂಂ ಅಂದಾಳ, ಆದ್ರ ಒಂದು ಮಾತು ಹಾಕ್ಯಾಳ. ಗಂಡ ಸತ್ತಾಕಿಗೆ ಎರಡನೇ ಸಲ ಸೀರಿ ಉಡಿಸೋದು ಮದಿವಿ ಅಲ್ಲಂತ, ಉಡಿಕಿ ಅಂತ. ಉಡಿಕಿ ಕತ್ತಲಾದ ಮ್ಯಾಲ ಹಿತ್ತಲ ಬಾಗಿಲದಾಗ ಮುಗಿಸಬೇಕಂತ. ಹಿಂದಿಂದ ಹಂಗ ಬಂದೈತಂತ.

ನಾ ಒಲ್ಲೆ ಅಂದೀನಿ. ಮುಂಜಾನಿ ಬಿಸಲಾಗ, ಅವರ ನಡುಮನ್ಯಾಗ, ಮಣಿ ಹಾಕಿ ಕುಂದ್ರಸಬೇಕು. ಇಲ್ಲಂದ್ರ ಒಲ್ಲೆ. ಉಚ್ಚೆಂಗೆಮ್ಮ ಅಂದ್ಲು, ತವರಿನ ಅಣ್ಣ ಸೀರಿ ತಂದು ತಾನ ಕೈಹಿಡದು ನಡುವ ಕುಂದ್ರಸಿದ್ರ ನಾ ಯಾಕ ಬ್ಯಾಡ ಅನ್ನಲಿ, ಆದ್ರ ಯಾವ ಅಣ್ಣ ಬರತಾನ ತಗೋ ಅಂತ.

ನೀ ಬರತಿ ಅಂತ ಹೇಳಿ ಬಂದೀನಿ.

ವೀರಭದ್ರಮ್ಮ


ಬಳ್ಳಾರಿ
೧೨ ಡಿಸೆಂಬರ್ ೨೦೨೨

ಪ್ರಿಯ ಸಹೋದರಿ ವೀರಭದ್ರಮ್ಮನವರಿಗೆ,

ಪತ್ರ ತಲುಪಿತು. ಪ್ರಮಾದಕ್ಕಾಗಿ ವಿಷಾದಿಸುತ್ತೇನೆ. ಎತ್ತನ್ನು ತೆಗೆದುಹಾಕಿದ್ದೇನೆ.

ವಿಧವಾ ವಿವಾಹವನ್ನು ನಾನು ತತ್ತ್ವಶಃ ಒಪ್ಪುತ್ತೇನೆ. ಶರಣರ ಸಮಾನತೆಯ ಕುರಿತು ಈ ಜಿಲ್ಲೆಯಲ್ಲಿ ನಾನು ಮಾಡದ ಭಾಷಣವಿಲ್ಲ. ಉಡಿಕಿಯ ಪದ್ಧತಿ ಎಲ್ಲೆಲ್ಲಿ ಹೇಗೆ ನಡೆಯುತ್ತಿತ್ತು ಎಂಬ ಟಿಪ್ಪಣಿ ನಾಲ್ಕು ಪುಟ ಇದರ ಜೊತೆಗಿದೆ, ಬಿಡುವಾದಾಗ ಓದು.

ಆದರೆ ತತ್ತ್ವ ಬೇರೆ, ವ್ಯವಹಾರ ಬೇರೆ. ನನ್ನ ಮಗಳು ಸೌಂದರ್ಯಳ ಗಂಡನ ಮನೆಯವರು ಹಳೆಯ ಕಾಲದವರು. ನಮ್ಮ ಓಣಿಯವರ ಬಾಯಿ ನಿನಗೆ ಗೊತ್ತು. ಆದ್ದರಿಂದ ನನ್ನ ಸಲಹೆ ಏನೆಂದರೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಸದ್ದಿಲ್ಲದೆ ಮುಗಿಸಿಬಿಡಿ. ಕಾನೂನಿನ ದೃಷ್ಟಿಯಿಂದಲೂ ಅದೇ ಗಟ್ಟಿ. ನಡುಮನೆಯಲ್ಲಿ ಕೂತರೇನು, ಪಡಸಾಲೆಯಲ್ಲಿ ಕೂತರೇನು, ಒಂದು ಜಾಗದ ವಿಷಯ ಅಷ್ಟೇ ಅಲ್ಲವೇ?

ತವರಿನ ಸೀರೆಯನ್ನು ಕೊರಿಯರ್ ಮೂಲಕ ಕಳಿಸಿದ್ದೇನೆ. ನಾನು ಬರುವುದು ಕಷ್ಟ. ಆ ದಿನ ನನ್ನದೊಂದು ಭಾಷಣವಿದೆ.

ಇತಿ,
ತಿಪ್ಪೇರುದ್ರಪ್ಪ

(ಅಂಚಿನಲ್ಲಿ) ಯಾವ ದಿನ ಅಂತ ನೀ ಬರದಿಲ್ಲ, ಇವರಿಗೆ ಆ ದಿನ ಭಾಷಣ ಐತಂತ. ಆಚಾರ ಹೇಳೋದು, ಬದನಿಕಾಯಿ ತಿನ್ನೋದು. — ಸ.


ಬಳ್ಳಾರಿ
೪ ಜನವರಿ ೨೦೨೩

ತಂಗಿ,

ನಿನ್ನಿಂದ ಪತ್ರವಿಲ್ಲ. ಸೀರೆ ವಾಪಸ್ ಬಂದಿದೆ. ಪೊಟ್ಟಣದ ಮೇಲೆ ‘ಪಡೆಯಲು ನಿರಾಕರಿಸಿದ್ದಾರೆ’ ಎಂದು ಬರೆದಿದ್ದಾರೆ.

ನಿನ್ನ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿಯೂ ಉಪ್ಪಿಟ್ಟು. ಚೀಟಿಗಳನ್ನು ಚೊಕ್ಕವಾಗಿ ಬರೆಯುವುದನ್ನೂ ನಿಲ್ಲಿಸಿದ್ದಾಳೆ. ಭೀಮರಾಜರ ಹತ್ತಿರ ಹೋಗಿ, ನಡು ಎಂದರೆ ಬರೇ ಜಾಗ ಎಂಬ ನಿಮ್ಮ ಮಾತೇ ಸರಿ, ನನ್ನದು ಸೋಲು ಎಂದೆ. ಅವರು ಗೆದ್ದೆ ಎಂದು ಹಿಗ್ಗುತ್ತಾರೆ ಅಂದುಕೊಂಡಿದ್ದೆ. “ಜಾಗ ಅಷ್ಟ ಆಗಿದ್ರ ನಿಮ್ಮ ತಂಗಿ ಯಾಕ ಹಠ ಹಿಡೀತಿದ್ಲು ಮೇಷ್ಟ್ರ?” ಅಂದರು.

ಒಂದು ಸಾಲು ಬರೆ. ಬೈದಾದರೂ ಬರೆ.

ತಿಪ್ಪೇರುದ್ರಪ್ಪ


ಸಿರುಗುಪ್ಪ
೧೮ ಜನವರಿ ೨೦೨೩

ಅಣ್ಣ,

ಮೊನ್ನೆ ಸೋಮವಾರ ನೀನು ಬಂದು ಹೋದದ್ದು ಗೊತ್ತಾಯಿತು. ಸಿರುಗುಪ್ಪದ ಮಟಮಟ ಮಧ್ಯಾಹ್ನದಲ್ಲಿ ಮಂಕಿ ಟೋಪಿ ಹಾಕಿಕೊಂಡು ಉಣ್ಣುವವರು ಯಾರಿದ್ದಾರೆ? ಹುಲುಗಪ್ಪ, ಯಾರೋ ಬ್ಯಾಂಕಿನ ಕಳ್ಳ ಬಂದಾನ ಅಂತ ನನಗೆ ಹೇಳಿದ. ಬಾಗಿಲ ಸಂದಿನಿಂದ ನೋಡಿದೆ. ಕಳ್ಳ ಕೈ ತೊಳೆಯಲು ಎದ್ದವನು ಊಟದ ಪಟ್ಟಿಯ ಬೋರ್ಡಿನ ಹತ್ತಿರ ನಿಂತು, ಆ ಕಡೆ ಈ ಕಡೆ ನೋಡಿ, ಸೀಮೆಸುಣ್ಣ ತೆಗೆದುಕೊಂಡು ‘ಮಜ್ಜಗೆ’ಯನ್ನು ‘ಮಜ್ಜಿಗೆ’ ಎಂದು ತಿದ್ದಿದ. ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ನೀನು ಮೂಲೆಯ ಟೇಬಲ್ಲಿಗೆ ಕೂತಿದ್ದೆ. ಚನ್ನಬಸವರಾಜ ಅವರು ತಮ್ಮ ತಟ್ಟೆ ಎತ್ತಿಕೊಂಡು ಬಂದು ನಿನ್ನ ಎದುರು ಕೂತರು. ಏನು ಮಾತಾಡಿದಿರೋ ನನಗೆ ಕೇಳಲಿಲ್ಲ. ನಾನು ಒಳಗೇ ನಿಂತೆ. ನೀನು ಒಂದು ಸಲ ಕರೆದರೆ ಸಾಕು, ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದೆ. ನೀನು ಕರೆಯಲಿಲ್ಲ, ಬಿಲ್ ಕೊಟ್ಟು ಹೋದೆ. ಅಣ್ಣ ನನ್ನ ಖಾನಾವಳಿಯಲ್ಲಿ ಬಿಲ್ ಕೊಟ್ಟು ಹೋದ. ಅದಕ್ಕೇ ನಾನು ಅತ್ತದ್ದು.

ಫೆಬ್ರವರಿ ಐದು, ಭಾನುವಾರ, ಮುಂಜಾನೆ ಹತ್ತಕ್ಕೆ. ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ದಲಾಲಿ ಚನ್ನಬಸವರಾಜ ಅವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ನೀನು ಬಾರದಿದ್ದರೆ ಹುಲುಗಪ್ಪ ಅಣ್ಣನಾಗಿ ಸೀರೆ ಹಿಡಿಯುತ್ತೇನೆ ಅಂದಿದ್ದಾನೆ. ಆದರೆ ಹುಲುಗಪ್ಪನ ಮಾತಿಗೆ ಉಚ್ಚೆಂಗೆಮ್ಮ ನಡುಮನೆ ಬಿಡುವುದಿಲ್ಲ. ಅಷ್ಟಾದರೆ ನಾನು ಅಲ್ಲಿಂದ ಎದ್ದು ಸಿರುಗುಪ್ಪದ ಬಸ್ ಹತ್ತುತ್ತೇನೆ. ಇಷ್ಟು ವರ್ಷ ಎಲ್ಲರ ಹಿತ್ತಲಲ್ಲಿ ಇದ್ದೆ. ನನ್ನ ಮದುವೆಯಲ್ಲೂ ಹಿತ್ತಲಲ್ಲಿ ಇರಲಾರೆ.

ವೀರಭದ್ರಮ್ಮ


ಬಳ್ಳಾರಿ
೨೭ ಜನವರಿ ೨೦೨೩

ವೀರಿ,

ಕರೆಯಬೇಕೆಂದು ಎದ್ದವನು ಬಿಲ್ ಕೊಟ್ಟು ಬಂದೆ. ನನಗೆ ಭಯ. ಮೂವತ್ತು ವರ್ಷ ಪಾಠ ಹೇಳಿದವನಿಗೆ ನಾಲ್ಕು ಜನ ಏನಾದರೂ ಅಂದಾರೆಂಬ ಭಯ. ಬೇರೆ ಕಾರಣ ಏನೂ ಇಲ್ಲ, ಭಾಷಣವೂ ಇಲ್ಲ.

ನಿನ್ನ ಚನ್ನಬಸವರಾಜ ನನ್ನನ್ನು ಗುರುತು ಹಿಡಿದಿದ್ದರೋ ಇಲ್ಲವೋ ತಿಳಿಯದು. ತಮ್ಮ ತಟ್ಟೆಯ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ ಹೇಳಿದ್ದು ಇಷ್ಟೇ: “ಉಣ್ಣರಿ. ಈ ರೊಟ್ಟಿ ಮಾಡೋರು ಯಾವತ್ತೂ ಕುಂತು ಉಂಡದ್ದು ನಾ ನೋಡಿಲ್ಲ.” ಆ ರೊಟ್ಟಿಯನ್ನು ನುಂಗಲು ನನಗೆ ಎರಡು ಲೋಟ ನೀರು ಬೇಕಾಯಿತು.

ಇದಕ್ಕಿಂತ ಹೆಚ್ಚು ಬರೆಯಲು ತಿಳಿಯುತ್ತಿಲ್ಲ.

ಅಣ್ಣ

(ಅಂಚಿನಲ್ಲಿ) ನಾ ಅಂತೂ ಬರತೀನಿ. ಇವರದು ಇನ್ನೂ ತಿಳಿವಲ್ದು. ದಿನಾ ಸೀರಿ ಪೊಟ್ಟಣ ಬಿಚ್ಚತಾರ, ಮತ್ತ ಕಟ್ಟತಾರ. — ಸ.


ಕುರುಗೋಡು
೯ ಫೆಬ್ರವರಿ ೨೦೨೩

ಅಣ್ಣ,

ಅವತ್ತು ನೀನು ಹೋಳಿಗೆಗೂ ನಿಲ್ಲದೆ ಬಸ್ ಹತ್ತಿದೆ. ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದೆಯಂತೆ, ಕಣ್ಣಿಗೆ ಧೂಳು ಬಿತ್ತು ಅಂದೆಯಂತೆ. ನೀನು ಭೀಮರಾಜ ಮೇಷ್ಟರಿಗೆ ‘ವಿಶೇಷವೇನೂ ನಡೆಯಲಿಲ್ಲ’ ಎಂದು ಹೇಳಿದ್ದೀಯ ಎಂದು ಅತ್ತಿಗೆ ಫೋನ್ ಮಾಡಿದ್ದಳು. ಏನು ನಡೆಯಿತು ಎಂದು ನಿನಗೇ ಗೊತ್ತಿಲ್ಲದ ಹಾಗಿದೆ. ಬರೆಯುತ್ತೇನೆ, ಓದಿಕೋ.

ಹತ್ತು ಗಂಟೆಯಾಗಿತ್ತು. ಉಚ್ಚೆಂಗೆಮ್ಮ ಮಣೆಯನ್ನು ಹಿತ್ತಲ ಬಾಗಿಲ ಹತ್ತಿರ ಹಾಕಿಸಿದ್ದಳು. ಹುಲುಗಪ್ಪ ಹೊಸ ಪಟಗ ಸುತ್ತಿಕೊಂಡು ತಯಾರಾಗಿದ್ದ. ನಾನು ಚೀಲ ಹೆಗಲಿಗೆ ಹಾಕಿಕೊಂಡಿದ್ದೆ, ಚನ್ನಬಸವರಾಜ ಅವರು ತಮ್ಮ ಚೀಲವನ್ನೂ ತಂದು ನನ್ನ ಪಕ್ಕ ನಿಂತಿದ್ದರು. ಆಗ ಅಂಗಡಿಯ ಹುಡುಗರು ಓಡಿ ಬಂದು, ಯಾರೋ ಮೇಷ್ಟ್ರು ತಲೆ ಮೇಲೆ ತಟ್ಟೆ ಹೊತ್ತುಕೊಂಡು ಬಜಾರಿನಲ್ಲಿ ಬರುತ್ತಿದ್ದಾರೆ ಅಂದರು. ಬಸ್‌ಸ್ಟ್ಯಾಂಡಿನಿಂದ ಆಟೋ ಸಿಗುತ್ತದೆ ಎಂದು ಅತ್ತಿಗೆ ಹೇಳಿದರೂ ನೀನು ಕೇಳಲಿಲ್ಲವಂತೆ. ತಟ್ಟೆಯಲ್ಲಿ ಸೀರೆ, ಕುಬಸ, ಕೊಬ್ಬರಿ, ಹೂವು. ಎಲ್ಲಿಗೆ ಹೊರಟಿರಿ ಅಂತ ಕೇಳಿದವರಿಗೆಲ್ಲ ನೀನು ಬಜಾರಿಗೆ ಕೇಳುವ ಹಾಗೆ ಹೇಳುತ್ತಿದ್ದೆಯಂತೆ: “ನನ್ನ ತಂಗಿ ಮದಿವಿ ಐತ್ರಿ, ಬರ್ರಿ.” ಪುಸ್ತಕದ ಕನ್ನಡ ಬಿಟ್ಟು ನಿನ್ನ ಬಾಯಲ್ಲಿ ಬೇರೆ ಮಾತು ಬಂದದ್ದನ್ನು ಅತ್ತಿಗೆ ಮದುವೆಯಾದಾಗಿನಿಂದ ಕೇಳಿಲ್ಲವಂತೆ. ಗುರುತಿಲ್ಲದವರು ಎಷ್ಟೋ ಮಂದಿ ನಿನ್ನ ಹಿಂದೆ ಊಟಕ್ಕೆ ಬಂದರು, ಅನ್ನ ಎರಡನೇ ಸಲ ಇಡಬೇಕಾಯಿತು.

ಒಳಗೆ ಬಂದು ತಟ್ಟೆ ಇಳಿಸಿ, ನೀನು ಮಣೆ ಇದ್ದ ಜಾಗ ನೋಡಿದೆ. ಗಂಟಲು ಸರಿಮಾಡಿಕೊಂಡು “ಚಾರಿತ್ರಿಕವಾಗಿ ನೋಡಿದರೆ” ಅಂತ ಶುರು ಮಾಡಿದೆ. ಮುಗಿಯಿತು, ಇನ್ನು ಭಾಷಣ ಅಂದುಕೊಂಡೆ. ಉಚ್ಚೆಂಗೆಮ್ಮ, “ಭಾಷಣ ಉಂಡ ಮ್ಯಾಲ ಮಾಡ್ರಿ ಮೇಷ್ಟ್ರ” ಅಂದಳು. ನೀನು ನಿಲ್ಲಿಸಿದೆ. ಒಂದು ಭಾಷಣವನ್ನು ಅರ್ಧಕ್ಕೆ ನಿಲ್ಲಿಸಿದ್ದು ನೀನು ಹುಟ್ಟಿದಾಗಿನಿಂದ ಇದೇ ಮೊದಲು ಇರಬೇಕು.

ಆಮೇಲೆ ಹಿತ್ತಲ ಬಾಗಿಲಿಗೆ ಹೋಗಿ ಆ ಮಣೆಯನ್ನು ನೀನೇ ಎತ್ತಿಕೊಂಡೆ. ಹುಲುಗಪ್ಪ ಕೈ ಹಾಕಲು ಬಂದರೆ ಬಿಡಲಿಲ್ಲ. ನಡುಮನೆಯಲ್ಲಿ ಕುರ್ಚಿಗಳೆಲ್ಲ ತಲಬಾಗಿಲ ಕಡೆ ಮುಖ ಮಾಡಿದ್ದವು, ಮಂದಿ ತುಂಬಿ ಕೂತಿದ್ದರು. ನೀನು ಒಬ್ಬೊಬ್ಬರ ಮುಂದೆ ಹೋಗಿ, “ಸ್ವಲ್ಪ ಸರೀರಿ, ತಂಗಿ ಕುಂದ್ರಬೇಕು” ಅಂದೆ. ಮುದುಕರು ಎದ್ದರು, ಸಾಹುಕಾರರು ಎದ್ದರು, ಕುರ್ಚಿ ಎಳೆದ ಸದ್ದಿಗೆ ಪಕ್ಕದ ಮನೆಯವರೂ ಬಂದರು. ನಡುವೆ ಮಣೆ ಹಾಕಿ, ಗಟ್ಟಿ ಇದೆಯೋ ಇಲ್ಲವೋ ಎಂದು ನೀನೇ ಕೂತು ನೋಡಿದೆ. ಕೂತವನಿಗೆ ಮೇಲೇಳಲು ಬರಲಿಲ್ಲ. ಮಠದಯ್ಯನವರು ಅಕ್ಕಿಕಾಳು ಹಿಡಿದುಕೊಂಡು, “ಮೇಷ್ಟ್ರ, ಅದು ಮದುಮಗಳ ಜಾಗ” ಅಂದರು. ಒಂದು ಕೈ ನಾನು, ಒಂದು ಕೈ ಚನ್ನಬಸವರಾಜ ಅವರು ಹಿಡಿದು ನಿನ್ನನ್ನು ಎಬ್ಬಿಸಿದೆವು. ಉಚ್ಚೆಂಗೆಮ್ಮನೇ ಮೊದಲು ನಕ್ಕದ್ದು. ನಕ್ಕು, ಬಂದು, ಮಣೆಯನ್ನು ತನ್ನ ಸೆರಗಿನಿಂದ ಒರೆಸಿದಳು.

ಆಮೇಲೆ ನೀನು ನನ್ನ ಕೈಹಿಡಿದು ಕೂರಿಸಿದೆ.

ನೀನು ಕಣ್ಣು ಒರೆಸಿಕೊಳ್ಳುತ್ತಿದ್ದೆ, ಅದಕ್ಕೆ ಅಲ್ಲಿ ಕಂಡದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ನಾನು ಕೂತು ತಲೆ ಎತ್ತಿದೆ. ಜಾಗ ಸಾಲದೆ ಕುರ್ಚಿಗಳೆಲ್ಲ ಸುತ್ತಲೂ ತಿರುಗಿದ್ದವು. ಇಷ್ಟು ವರ್ಷ ಎಷ್ಟು ಮದುವೆಗೆ ಹೋಗಿದ್ದೇನೆ, ಅಡುಗೆ ಮನೆ ಬಾಗಿಲಿಂದ ಇಣುಕಿದರೆ ಕಾಣುತ್ತಿದ್ದದ್ದು ಬರೀ ಮಂದಿಯ ಬೆನ್ನು. ಅವತ್ತು ಎಲ್ಲಿ ನೋಡಿದರೂ ಮುಖ ಅಣ್ಣ, ಎಲ್ಲಾ ನನ್ನ ಕಡೆ. ಒಬ್ಬರ ಬೆನ್ನೂ ಕಾಣಲಿಲ್ಲ.

ವೀರಿ